ಬೇಲಿಯಿಲ್ಲದ ಹೊಲ, ಕಾವಲಿರುವ ಊರು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತದಲ್ಲಿ ಲ್ಯಾಕ್ಸ್‌ಟನ್ ಎಂಬ ಪುಟ್ಟ ಗ್ರಾಮವಿದೆ. ಜನಸಂಖ್ಯೆ ಮುನ್ನೂರನ್ನು ಮುಟ್ಟದು. ಹಳೆಯದೊಂದು ಚರ್ಚು, ಡವ್‌ಕೋಟ್ ಇನ್ ಎಂಬ ಪಾನಗೃಹ, ಊರಿನ ಉತ್ತರಕ್ಕೆ ನಾರ್ಮನ್ನರ ಕಾಲದ ಕೋಟೆಯ ಮಣ್ಣಿನ ದಿಬ್ಬ, ಬೀದಿಯ ಇಕ್ಕೆಲಗಳಲ್ಲಿ ಕೆಂಪು ಇಟ್ಟಿಗೆಯ ರೈತಮನೆಗಳು. ನೋಡಲು ಅಂಥ ವಿಶೇಷವೇನೂ ಇಲ್ಲ. ಆದರೆ ಪ್ರತಿ ವರ್ಷ ನವೆಂಬರ್ ಕೊನೆಯ ಹೊತ್ತಿಗೆ, ಗೋಧಿಯ ಮೊಳಕೆ ಮೇಲೆದ್ದು ಹೊಲ ಹಸಿರಾಗುವ ಕಾಲಕ್ಕೆ, ಈ ಊರಿನ ಹನ್ನೆರಡು ಮಂದಿ ಪಂಚರು ಟ್ರ್ಯಾಕ್ಟರಿನ ಗಾಡಿಯನ್ನೇರಿ ಹೊಲಕ್ಕೆ ಹೊರಡುತ್ತಾರೆ. ಅವರು ಹೋಗುವುದು ಉಳುವುದಕ್ಕಲ್ಲ, ಬಿತ್ತುವುದಕ್ಕಲ್ಲ. ಯಾರು ತನ್ನ ಪಾಲನ್ನು ಮೀರಿ ಉತ್ತಿದ್ದಾನೆ, ಯಾರು ಬಸಿಗಾಲುವೆಯ ಹೂಳೆತ್ತಿಲ್ಲ, ಯಾರ ನೇಗಿಲು ಎಲ್ಲರ ದಾರಿಯನ್ನು ಕತ್ತರಿಸಿದೆ ಎಂದು ನೋಡುವುದು ಅವರ ಕೆಲಸ. ಗಡಿ ತಪ್ಪಿದಲ್ಲಿ ಹೊಸ ಗೂಟ ಹೊಡೆಯುತ್ತಾರೆ. ತಪ್ಪಿದವನ ಹೆಸರಿನ ಮುಂದೆ ದಂಡ ಬರೆದುಕೊಳ್ಳುತ್ತಾರೆ. ಆ ಹೆಸರು ಕೆಲವೊಮ್ಮೆ ಗಾಡಿಯಲ್ಲೇ ಕುಳಿತಿರುವ ಪಂಚನದೂ ಆಗಿರಬಹುದು.

ಒತ್ತುವರಿ ಎಂಬ ಮಾತನ್ನು ಸರ್ವೆಯವನ ಸರಪಳಿ, ಅರಣ್ಯ ಇಲಾಖೆಯ ನೋಟೀಸು, ವರ್ಷಾನುಗಟ್ಟಲೆ ಎಳೆಯುವ ವ್ಯಾಜ್ಯಗಳ ಮೂಲಕವೇ ಬಲ್ಲ ಮಲೆನಾಡಿನ ಓದುಗರಿಗೆ ಈ ದೃಶ್ಯ ವಿಚಿತ್ರವಾಗಿ ಕಾಣಬಹುದು. ನೆರೆಯವನೇ ನೆರೆಯವನ ಒತ್ತುವರಿಯನ್ನು ಗುರುತಿಸಿ, ದಂಡ ವಿಧಿಸಿ, ಮರುದಿನ ಅವನೊಡನೆಯೇ ಬದುಕುವ ವ್ಯವಸ್ಥೆಯೊಂದು ಕೈಗಾರಿಕಾ ಕ್ರಾಂತಿಯ ತವರಿನಲ್ಲಿ ಇನ್ನೂ ಉಸಿರಾಡುತ್ತಿದೆ ಎಂಬುದೇ ಲ್ಯಾಕ್ಸ್‌ಟನ್ನಿನ ಮಹತ್ವ. ಅದನ್ನು ಗತಕಾಲದ ಸೋಜಿಗವೆಂದು ನೋಡಿ ಮೆಚ್ಚಿ ಮರೆತುಬಿಡುವುದು ಸುಲಭ. ಪ್ರವಾಸಿ ಪುಸ್ತಕಗಳು ಮಾಡುವುದು ಅದನ್ನೇ.

ಒಂದು ಕಾಲದಲ್ಲಿ ಮಧ್ಯ ಇಂಗ್ಲೆಂಡಿನ ಬಹುಪಾಲು ಹಳ್ಳಿಗಳು ಹೀಗೆಯೇ ಇದ್ದವು. ಊರಿನ ಸುತ್ತ ಎರಡೋ ಮೂರೋ ವಿಶಾಲವಾದ ಬಯಲು ಹೊಲಗಳು. ಒಂದೊಂದು ಹೊಲದಲ್ಲೂ ನೂರಾರು ಉದ್ದನೆಯ ಪಟ್ಟಿಗಳು. ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ. ಒಬ್ಬ ರೈತನ ಪಟ್ಟಿಗಳು ಒಂದೆಡೆ ಇರದೆ ಎಲ್ಲ ಹೊಲಗಳಲ್ಲೂ ಹಂಚಿಹೋಗಿರುತ್ತಿದ್ದವು. ಒಳ್ಳೆಯ ಮಣ್ಣು ಒಬ್ಬನಿಗೆ, ಜೌಗು ಮತ್ತೊಬ್ಬನಿಗೆ ಎಂಬಂತಾಗದೆ ಎಲ್ಲರಿಗೂ ಎರಡರಲ್ಲೂ ಪಾಲು. ಲ್ಯಾಕ್ಸ್‌ಟನ್ನಿನಲ್ಲಿ ಈಗ ಉಳಿದಿರುವುದು ಮೂರು ಹೊಲಗಳು: ಪಶ್ಚಿಮದ ಹೊಲ, ದಕ್ಷಿಣದ ಹೊಲ, ಗಿರಣಿ ಹೊಲ. ಒಂದರಲ್ಲಿ ಚಳಿಗಾಲದ ಗೋಧಿ, ಮತ್ತೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲಾಗುತ್ತದೆ. ಇತ್ತೀಚಿನ ದಶಕಗಳಲ್ಲಿ ಬೀಳು ಹೊಲದಲ್ಲಿ ಮೇವಿನ ಬೆಳೆಗೂ ಅವಕಾಶ ಸಿಕ್ಕಿದೆ. ಸರದಿಯ ಕ್ರಮ ಮಾತ್ರ ಬದಲಾಗಿಲ್ಲ. ಒಬ್ಬನಿಗೆ ಮನಸ್ಸು ಬಂದ ಬೆಳೆಯನ್ನು ಮನಸ್ಸು ಬಂದ ವರ್ಷ ಬಿತ್ತುವಂತಿಲ್ಲ. ಊರಿನ ಲಯಕ್ಕೆ ಅವನ ನೇಗಿಲು ಹೊಂದಿಕೊಳ್ಳಬೇಕು.

ನೇಗಿಲು ತಿರುಗಲಾಗದ ತಗ್ಗುಗಳಲ್ಲಿ, ನೀರು ನಿಲ್ಲುವ ಅಂಚುಗಳಲ್ಲಿ ಉಳುಮೆ ಕಾಣದ ಹುಲ್ಲಿನ ಪಟ್ಟಿಗಳಿವೆ. ಸ್ಥಳೀಯರು ಅವನ್ನು ಸೈಕ್ ಎನ್ನುತ್ತಾರೆ. ಇಂಗ್ಲೆಂಡಿನ ಹಳೆಯ ಹೂಹುಲ್ಲುಗಾವಲುಗಳ ಬಹುಭಾಗ ಇಪ್ಪತ್ತನೆಯ ಶತಮಾನದಲ್ಲಿ ಉಳುಮೆಗೂ ರಾಸಾಯನಿಕ ಗೊಬ್ಬರಕ್ಕೂ ಬಲಿಯಾಗಿರುವುದರಿಂದ ಈ ಪಟ್ಟಿಗಳಿಗೆ ಸಸ್ಯವಿಜ್ಞಾನಿಗಳ ದೃಷ್ಟಿಯಲ್ಲಿ ಬೆಲೆ ಬಂದಿದೆ. ಸರ್ಕಾರ ಅವನ್ನು ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂದು ಘೋಷಿಸಿದೆ. ಆದರೆ ಘೋಷಣೆಗೆ ಶತಮಾನಗಳ ಮೊದಲೇ ಅವನ್ನು ಉಳಿಸಿದ್ದು ಯಾವ ವಿಜ್ಞಾನಿಯೂ ಅಲ್ಲ. ಸೈಕಿನ ಹುಲ್ಲು ಊರಿಗೆ ಸೇರಿದ್ದು. ಅದನ್ನು ಕೊಯ್ಯುವ ಹಕ್ಕು ವರ್ಷಕ್ಕೊಮ್ಮೆ ಊರಿನವರ ನಡುವೆಯೇ ಹರಾಜಾಗುತ್ತದೆ. ಪಕ್ಕದ ಪಟ್ಟಿಯವನು ಒಂದು ಸಾಲು ಹೆಚ್ಚು ಉತ್ತರೆ ಊರಿನ ಹುಲ್ಲು ಅಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಆ ಸಾಲನ್ನು ಊರು ಕಂಡುಹಿಡಿಯುತ್ತದೆ. ಹೂವುಗಳು ಉಳಿದದ್ದು ಹುಲ್ಲಿನ ಲೆಕ್ಕದ ನೆರಳಿನಲ್ಲಿ.

ಹಾಗೆಂದು ಲ್ಯಾಕ್ಸ್‌ಟನ್ನನ್ನು ಸಾವಯವ ಸ್ವರ್ಗವೆಂದು ಚಿತ್ರಿಸುವುದು ಸುಳ್ಳಾದೀತು. ಅಲ್ಲಿಗೂ ಟ್ರ್ಯಾಕ್ಟರು ಬಂತು, ಗೊಬ್ಬರದ ಚೀಲ ಬಂತು. ದೊಡ್ಡ ಯಂತ್ರಗಳಿಗೆ ಕಿರಿದಾದ ಪಟ್ಟಿಗಳು ಸಾಲದೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಪಟ್ಟಿಗಳನ್ನು ಕೂಡಿಸಿ ಅಗಲ ಮಾಡಲಾಯಿತು. ಅದೂ ಅಲ್ಲದೆ, ಈ ಊರಿನ ನ್ಯಾಯಸಭೆಯ ಮೂಲವು ಪ್ರಜಾಪ್ರಭುತ್ವದಲ್ಲಿಲ್ಲ. ಕೋರ್ಟ್ ಲೀಟ್ ಎಂಬ ಆ ಸಭೆ ಮಧ್ಯಯುಗದ ಜಮೀನುದಾರನ ಸಭೆ. ಅವನ ಪ್ರತಿನಿಧಿಯಾದ ಸ್ಟೀವರ್ಡ್ ಅದರ ಅಧ್ಯಕ್ಷ. ತುಂಡು ನೆಲವೂ ಇಲ್ಲದ ಕೂಲಿಯವನಿಗೆ ಅಲ್ಲಿ ಹಿಂದೆಯೂ ದೊಡ್ಡ ದನಿಯಿರಲಿಲ್ಲ. ಹಳೆಯದೆಲ್ಲ ಹೊನ್ನು ಎಂಬ ಭ್ರಮೆ ಪರಿಸರ ಚಳವಳಿಗಳಿಗೆ ಆಗಾಗ ಅಂಟುವ ರೋಗ. ಲ್ಯಾಕ್ಸ್‌ಟನ್ನಿನ ವಿಷಯದಲ್ಲಿಯಾದರೂ ಅದನ್ನು ದೂರವಿಡಬೇಕು.

ಈ ಊರಿನ 1635ರ ನಕ್ಷೆಯೊಂದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಮಾರ್ಕ್ ಪಿಯರ್ಸ್ ಎಂಬ ಸರ್ವೆಗಾರ ಒಂದೊಂದು ಪಟ್ಟಿಯನ್ನೂ ಅಳೆದು, ಯಾರದು ಯಾವುದು ಎಂದು ಬರೆದಿಟ್ಟ ನಕ್ಷೆ ಅದು. ಅದನ್ನು ಬರೆಸಿದವನು ಆ ಹೊತ್ತಿಗೆ ಊರಿನ ಒಡೆತನವನ್ನು ಕೊಂಡಿದ್ದ ಸರ್ ವಿಲಿಯಂ ಕೋರ್ಟನ್ ಎಂಬ ಲಂಡನ್ನಿನ ವರ್ತಕ. ಇದೇ ಕೋರ್ಟನ್ನನ ಹಣದಿಂದ 1636ರಲ್ಲಿ ಜಾನ್ ವೆಡೆಲ್‌ನ ನಾಯಕತ್ವದಲ್ಲಿ ಹಡಗುಗಳು ಪೂರ್ವದೇಶಗಳಿಗೆ ಹೊರಟವು. ಕೋರ್ಟನ್ ಅದೇ ವರ್ಷ ತೀರಿಕೊಂಡ. ಹಡಗುಗಳು ಮಾತ್ರ 1637ರಲ್ಲಿ ಭಟ್ಕಳದ ಬಂದರನ್ನು ಮುಟ್ಟಿದವು. ಇಕ್ಕೇರಿಯ ವೀರಭದ್ರ ನಾಯಕನ ಅನುಮತಿ ಬೇಡಲು ಘಟ್ಟವೇರಿ ಹೋದ ನಿಯೋಗದ ವಿವರವನ್ನು ಪೀಟರ್ ಮಂಡಿ ಎಂಬ ಪ್ರವಾಸಿ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅವರಿಗೆ ಬೇಕಾಗಿದ್ದುದು ಘಟ್ಟದ ಕರಿಮೆಣಸು. ಅಂದರೆ ಲ್ಯಾಕ್ಸ್‌ಟನ್ನಿನ ಹೊಲಗಳನ್ನು ಅಂಗುಲ ಅಂಗುಲವಾಗಿ ಅಳೆಸಿದ ಲೆಕ್ಕದ ಕಣ್ಣೇ ಸಹ್ಯಾದ್ರಿಯ ಮೆಣಸಿನ ಬಳ್ಳಿಯ ಮೇಲೂ ಬಿದ್ದಿತ್ತು. ಇಂಥ ವ್ಯಾಪಾರಿಯ ನಕ್ಷೆಯೇ ಮುಂದೆ ವಿದ್ವಾಂಸರಿಗೆ ಬಯಲು ಹೊಲದ ಪದ್ಧತಿಯನ್ನು ಅರಿಯಲು ಆಧಾರವಾಯಿತು ಎಂಬುದು ಚರಿತ್ರೆಯ ಒಂದು ತಮಾಷೆ. ಚಾರ್ಲ್ಸ್ ಆರ್ವಿನ್ ಮತ್ತು ಅವರ ಪತ್ನಿ ಕ್ರಿಸ್ಟಬೆಲ್ 1938ರಲ್ಲಿ ಪ್ರಕಟಿಸಿದ ಬಯಲು ಹೊಲಗಳ ಅಧ್ಯಯನಕ್ಕೆ ಲ್ಯಾಕ್ಸ್‌ಟನ್ನೇ ಕೇಂದ್ರ.

ಉಳಿದ ಹಳ್ಳಿಗಳ ಬಯಲು ಹೊಲಗಳು ಏನಾದವು? ಅವನ್ನು ಬೇಲಿ ನುಂಗಿತು. 1604ರಿಂದ 1914ರವರೆಗೆ ಬ್ರಿಟಿಷ್ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾಯಿದೆಗಳನ್ನು ಅಂಗೀಕರಿಸಿತು. ಅವುಗಳ ಅಡಿಯಲ್ಲಿ ಬಂದ ನೆಲ ಸುಮಾರು 68 ಲಕ್ಷ ಎಕರೆ. ಇಡೀ ಇಂಗ್ಲೆಂಡಿನ ಐದರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು. ಹಂಚಿಹೋಗಿದ್ದ ಪಟ್ಟಿಗಳನ್ನು ಕೂಡಿಸಿ, ಒಬ್ಬೊಬ್ಬನಿಗೆ ಒಂದೆಡೆ ಜಮೀನು ಕೊಟ್ಟು, ಸುತ್ತ ಮುಳ್ಳುಬೇಲಿ ನೆಡಲಾಯಿತು. ಊರಿನ ಗೋಮಾಳವೂ ಪಾಲಾಯಿತು. ಬೇಲಿಗೆ ಒಪ್ಪಿಗೆ ಇದೆಯೇ ಎಂದು ನೋಡುವಾಗ ಜನರ ತಲೆ ಎಣಿಸುತ್ತಿರಲಿಲ್ಲ, ಅವರ ಜಮೀನಿನ ಮೌಲ್ಯವನ್ನು ಎಣಿಸುತ್ತಿದ್ದರು. ಒಂದು ಹಸು ಕಟ್ಟಿಕೊಂಡು ಗೋಮಾಳದಲ್ಲಿ ಮೇಯಿಸಿ, ಪೊದೆ ಕಡಿದು ಒಲೆ ಉರಿಸುತ್ತಿದ್ದ ಬಡವನಿಗೆ ಕಾಗದದಲ್ಲಿ ಹಕ್ಕೇ ಇರಲಿಲ್ಲವಾದ್ದರಿಂದ ಪರಿಹಾರವೂ ಇರಲಿಲ್ಲ. ಹೆಲ್ಪ್‌ಸ್ಟನ್ ಎಂಬ ಹಳ್ಳಿಯ ಕೂಲಿಕಾರ ಕವಿ ಜಾನ್ ಕ್ಲೇರ್ 1809ರ ಕಾಯಿದೆಯ ನಂತರ ತನ್ನ ಬಾಲ್ಯದ ಬಯಲು ಮುಚ್ಚಿಹೋದುದನ್ನು ಕಣ್ಣಾರೆ ಕಂಡವನು. ಆ ನೋವು ಅವನ ಕಾವ್ಯದ ಉದ್ದಕ್ಕೂ ಇದೆ.

ಲ್ಯಾಕ್ಸ್‌ಟನ್ ತಪ್ಪಿಸಿಕೊಂಡದ್ದು ಯಾರದೋ ಪುಣ್ಯದಿಂದಲ್ಲ. ಊರಿನ ಭೂಮಿ ಇಬ್ಬರು ದೊಡ್ಡ ಒಡೆಯರ ನಡುವೆ ಹಂಚಿಹೋಗಿತ್ತು. ಅವರಿಬ್ಬರಿಗೆ ಬಹುಕಾಲ ಹೊಂದಾಣಿಕೆಯಾಗಲಿಲ್ಲ. ಹೊಂದಾಣಿಕೆಯಾಗುವ ಹೊತ್ತಿಗೆ ಬೇಲಿಯ ಭರಾಟೆ ಇಳಿದಿತ್ತು. ದೊಡ್ಡವರ ಜಗಳದಲ್ಲಿ ಸಣ್ಣವರ ಹೊಲ ಬದುಕಿತು.

ಬೇಲಿಯ ಪರವಾಗಿ ಆಗ ಹೇಳುತ್ತಿದ್ದ ವಾದ ಇಂದಿಗೂ ಸತ್ತಿಲ್ಲ: ಎಲ್ಲರದ್ದಾದ ನೆಲವನ್ನು ಯಾರೂ ನೋಡಿಕೊಳ್ಳುವುದಿಲ್ಲ. 1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಇದಕ್ಕೆ ವಿಜ್ಞಾನದ ಉಡುಪು ತೊಡಿಸಿದರು. ಎಲ್ಲರಿಗೂ ತೆರೆದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬ ದನಗಾಹಿಯೂ ತನ್ನ ಲಾಭಕ್ಕಾಗಿ ಇನ್ನೊಂದು ದನ ಸೇರಿಸುತ್ತಾನೆ, ಕೊನೆಗೆ ಹುಲ್ಲುಗಾವಲೇ ನಾಶವಾಗುತ್ತದೆ ಎಂಬ ಅವರ ಕಥೆ ಜಗತ್ತಿನ ಅರಣ್ಯ ಕಚೇರಿಗಳಿಗೂ ಬ್ಯಾಂಕುಗಳಿಗೂ ಬಹಳ ಪ್ರಿಯವಾಯಿತು. ಪರಿಹಾರವೆಂದರೆ ಖಾಸಗಿಯವರಿಗೆ ಕೊಡಿ, ಇಲ್ಲವೇ ಸರ್ಕಾರದ ಕೈಗೆ ಕೊಡಿ. ಮೂರನೆಯ ದಾರಿಯನ್ನು ಅವರು ನೋಡಲೇ ಇಲ್ಲ. ಹಾರ್ಡಿನ್ ಕಲ್ಪಿಸಿದ ಹುಲ್ಲುಗಾವಲಿನಲ್ಲಿ ಊರಿಲ್ಲ, ಪಂಚರಿಲ್ಲ, ದಂಡವಿಲ್ಲ, ನಾಚಿಕೆಯೂ ಇಲ್ಲ. ನಿರ್ವಹಣೆಯಿಲ್ಲದ ಸಾಮುದಾಯಿಕ ಭೂಮಿ ಎಂದು ತಾವು ಹೇಳಬೇಕಿತ್ತೆಂದು ಅವರೇ ಮುಂದೆ ಒಪ್ಪಿಕೊಂಡರು. ಅಷ್ಟರಲ್ಲಿ ಕಥೆ ಊರೂರು ಸುತ್ತಿ ಬಂದಾಗಿತ್ತು. ಎಲಿನಾರ್ ಆಸ್ಟ್ರಂ 1990ರ ತಮ್ಮ ಗ್ರಂಥದಲ್ಲಿ ಹಲವು ದೇಶಗಳ ಹುಲ್ಲುಗಾವಲು, ನೀರಾವರಿ, ಮೀನುಗಾರಿಕೆಗಳನ್ನು ಪರಿಶೀಲಿಸಿ ತೋರಿಸಿದ್ದು ಇದನ್ನೇ: ಬಳಸುವವರೇ ನಿಯಮ ಮಾಡಿ, ಅವರೇ ಕಾವಲು ಕಾಯ್ದು, ಸಣ್ಣ ತಪ್ಪಿಗೆ ಸಣ್ಣ ದಂಡ ಹಾಕುವಲ್ಲಿ ಸಾಮುದಾಯಿಕ ಸಂಪತ್ತು ಶತಮಾನಗಳ ಕಾಲ ಬಾಳಿದೆ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಲ್ಯಾಕ್ಸ್‌ಟನ್ನಿನ ರೈತರಿಗೆ ಈ ಸಂಶೋಧನೆ ಹೊಸದಾಗಿ ಕಂಡಿರಲಾರದು.

ಉಳುಮೆ ಕಾಣದ ನೆಲವೆಲ್ಲ ‘ಪಾಳು’ ಎಂಬ ಭಾವನೆ ಬೇಲಿ ಹಾಕಿದ ಇಂಗ್ಲೆಂಡಿನಿಂದಲೇ ಕಂದಾಯದ ಕಡತಗಳ ಮೂಲಕ ಹಡಗೇರಿ ಇಲ್ಲಿಗೂ ಬಂದಿತು. ಅಡಕೆ ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ, ದನ ಮೇಯುವ ಬ್ಯಾಣ, ಊರು ಕಾಯ್ದ ಕಾನು ಇವೆಲ್ಲ ಆ ಕಡತಗಳಲ್ಲಿ ಸರ್ಕಾರದ ನೆಲವಾಗಿ, ಜನರಿಗಿದ್ದುದು ಕೇವಲ ಸವಲತ್ತಾಗಿ ದಾಖಲಾದವು. ಸವಲತ್ತು ಮತ್ತು ಹಕ್ಕಿನ ನಡುವಣ ಅಂತರ ಎಷ್ಟೆಂಬುದು ಮಲೆನಾಡಿಗೆ ಗೊತ್ತಿರುವ ವಿಷಯ.

ಲ್ಯಾಕ್ಸ್‌ಟನ್ನಿನ ಸುತ್ತಲ ಸೀಮೆಯನ್ನು ನೋಡಿದರೆ ಈ ಹೊಲಗಳು ಉಳಿದದ್ದು ಎಂಥ ಗದ್ದಲದ ನಡುವೆ ಎಂಬುದು ತಿಳಿಯುತ್ತದೆ. ಪಶ್ಚಿಮಕ್ಕೆ ಶೆರ್ವುಡ್ ಅರಣ್ಯದ ಅಡಿಯಲ್ಲಿ ಕಲ್ಲಿದ್ದಲಿತ್ತು. ಅದಕ್ಕಾಗಿ ಆಳವಾದ ಗಣಿಗಳು ಎದ್ದವು, ಗಣಿಗಾರರ ಊರುಗಳು ಕಟ್ಟಲ್ಪಟ್ಟವು. ಆಲರ್ಟನ್ನಿನ ಗಣಿ 1994ರಲ್ಲಿ ಮುಚ್ಚಿತು. ಥೋರ್ಸ್‌ಬಿಯ ಗಣಿ 2015ರಲ್ಲಿ. ಅದರೊಂದಿಗೆ ನಾಟಿಂಗ್‌ಹ್ಯಾಮ್‌ಶೈರಿನ ಆಳಗಣಿಗಾರಿಕೆಯೇ ಮುಗಿಯಿತು. ಪೂರ್ವಕ್ಕೆ ಟ್ರೆಂಟ್ ನದಿಯ ದಂಡೆಯುದ್ದಕ್ಕೂ ಆ ಕಲ್ಲಿದ್ದಲನ್ನು ಉರಿಸುವ ವಿದ್ಯುತ್ ಸ್ಥಾವರಗಳು ಸಾಲುಗಟ್ಟಿದ್ದವು. ಹೈ ಮಾರ್ನಮ್ 2003ರಲ್ಲಿ, ಕಾಟಮ್ 2019ರಲ್ಲಿ, ವೆಸ್ಟ್ ಬರ್ಟನ್ನಿನ ಕಲ್ಲಿದ್ದಲು ಸ್ಥಾವರ 2023ರಲ್ಲಿ ನಿಂತವು. ಅದೇ ನದಿಯ ಮೇಲ್ದಂಡೆಯ ರ‍್ಯಾಟ್‌ಕ್ಲಿಫ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ನಿಂತಾಗ ಬ್ರಿಟನ್ನಿನಲ್ಲಿ ಕಲ್ಲಿದ್ದಲಿನ ವಿದ್ಯುತ್ತೇ ಕೊನೆಗೊಂಡಿತು. ನೆರೆಯ ಈಕ್ರಿಂಗ್ ಗ್ರಾಮದ ಕಾಡಿನಲ್ಲಿ 1939ರಲ್ಲಿ ಎಣ್ಣೆ ಸಿಕ್ಕಿತು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದಿಂದ 42 ಕೊರೆತಗಾರರನ್ನು ಗುಟ್ಟಾಗಿ ಕರೆಸಿ ಒಂದು ವರ್ಷದ ಅವಧಿಯಲ್ಲಿ 106 ಬಾವಿಗಳನ್ನು ಕೊರೆಸಲಾಯಿತು. ಆ ಎಣ್ಣೆಯೂ ಬತ್ತಿತು, ಬಾವಿಗಳಿದ್ದಲ್ಲಿ ಮತ್ತೆ ಮರ ಬೆಳೆಯಿತು.

ಈ ಎಲ್ಲ ಉದ್ಯಮಗಳೂ ತಮ್ಮ ಕಾಲದಲ್ಲಿ ದೇಶದ ಭವಿಷ್ಯವೆಂದು ಕರೆಸಿಕೊಂಡಿದ್ದವು. ಬಯಲು ಹೊಲವನ್ನು ಹಿಂದುಳಿದ ಪದ್ಧತಿ ಎಂದು ಕರೆದ ಕೃಷಿ ಸುಧಾರಕರಿಗೆ ಲೆಕ್ಕವಿಲ್ಲ. ನೂರು ವರ್ಷದ ಕಲ್ಲಿದ್ದಲು ಮುಗಿದಿದೆ. ಎಂಟು ನೂರು ವರ್ಷಕ್ಕೂ ಹಳೆಯ ಸರದಿಯಲ್ಲಿ ಈ ವರ್ಷದ ಗೋಧಿ ಬಿತ್ತಿ ಆಗಿದೆ. ಗಣಿ ಕಳೆದುಕೊಂಡ ಊರುಗಳ ಕಾರ್ಮಿಕರ ಕಷ್ಟವನ್ನು ಹಗುರ ಮಾಡಲು ಈ ಮಾತಲ್ಲ. ಯಾವುದನ್ನು ಶಾಶ್ವತವೆಂದೂ ಯಾವುದನ್ನು ಅಳಿಯುವಂಥದೆಂದೂ ಆಳುವವರು ಎಣಿಸುತ್ತಾರೋ ಆ ಎಣಿಕೆಯನ್ನು ಅನುಮಾನದಿಂದ ನೋಡಲು ಈ ಸೀಮೆ ಕಾರಣ ಕೊಡುತ್ತದೆ.

ಹಾಗಾದರೆ ಲ್ಯಾಕ್ಸ್‌ಟನ್ ಸುರಕ್ಷಿತವೇ? ಮೆಚ್ಚುವವರು ಸಾಮಾನ್ಯವಾಗಿ ಮರೆಮಾಡುವ ಸಂಗತಿ ಇಲ್ಲಿದೆ. ಆ ಹೊಲಗಳಲ್ಲಿ ಉಳುವವರು ಗೇಣಿದಾರರು. ನೆಲದ ಒಡೆತನ ಅವರದಲ್ಲ. ಬಹುಕಾಲ ಒಡೆತನ ಅರ್ಲ್ ಮ್ಯಾನ್‌ವರ್ಸ್ ಮನೆತನದ್ದಾಗಿತ್ತು. 1952ರಲ್ಲಿ, ಪದ್ಧತಿ ಅಳಿದುಹೋಗದಿರಲೆಂದು, ಕೃಷಿ ಸಚಿವಾಲಯವೇ ಅದನ್ನು ಕೊಂಡಿತು. 1981ರಲ್ಲಿ ಸಚಿವಾಲಯವು ಅದನ್ನು ರಾಜಮನೆತನದ ಹೆಸರಿನ ಸರ್ಕಾರಿ ಆಸ್ತಿ ಸಂಸ್ಥೆಯಾದ ಕ್ರೌನ್ ಎಸ್ಟೇಟಿಗೆ ವರ್ಗಾಯಿಸಿತು. ಆ ಸಂಸ್ಥೆ 2018ರಲ್ಲಿ ಮಾರಲು ಹೊರಟು, 2020ರಲ್ಲಿ ಥೋರ್ಸ್‌ಬಿ ಎಸ್ಟೇಟಿಗೆ, ಅಂದರೆ ಹಳೆಯ ಒಡೆಯರ ವಂಶದ ಕೈಗೇ ಮಾರಿತು. ಎಪ್ಪತ್ತು ವರ್ಷದೊಳಗೆ ಹೊಲ ಒಂದು ಸುತ್ತು ಬಂದು ಹೊರಟಲ್ಲಿಗೇ ಸೇರಿತು. ಕೊಂಡವರು ಪರಂಪರೆಯನ್ನು ಬಲ್ಲವರು ಎಂಬುದು ಸಮಾಧಾನವೇ. ಆದರೆ ಹರಾಜಿನ ಸೈಕಿನ ಒಂದು ಸಾಲು ಹುಲ್ಲಿನ ಬಗ್ಗೆ ತೀರ್ಪು ಕೊಡಬಲ್ಲ ಪಂಚರಿಗೆ ಇಡೀ ಊರು ಕೈಬದಲಾಯಿಸುವಾಗ ತೀರ್ಪು ಕೊಡುವ ಅಧಿಕಾರವಿರಲಿಲ್ಲ. ಸಾರ್ವಜನಿಕ ಹಣದಿಂದ, ಸಂರಕ್ಷಣೆಯ ಉದ್ದೇಶದಿಂದ ಕೊಂಡದ್ದನ್ನು ಸಾರ್ವಜನಿಕ ಸಂಸ್ಥೆಯೇ ಮಾರುವಾಗ, ಉಳುವವರ ಒಪ್ಪಿಗೆ ಕಾನೂನಿನ ಷರತ್ತಾಗಿರಬೇಕಿತ್ತು. ಒಡೆಯನ ಸದ್ಭಾವನೆಯ ಮೇಲೆ ನಿಂತ ಸಂರಕ್ಷಣೆ ಒಡೆಯ ಬದಲಾಗುವವರೆಗೆ ಮಾತ್ರ. ಪ್ರೀತಿಯಿಂದ ಬಿಟ್ಟುಕೊಟ್ಟ ದಾರಿಯೂ ಒಂದು ದಿನ ಮುಚ್ಚಬಹುದು.

ಕಾನೂನು ಒಮ್ಮೆಯಾದರೂ ಈ ಊರಿನ ಕೈ ಹಿಡಿದದ್ದುಂಟು. ಇಂಗ್ಲೆಂಡಿನ ಹಳೆಯ ಜಮೀನುದಾರಿ ನ್ಯಾಯಸಭೆಗಳ ಅಧಿಕಾರವನ್ನು 1977ರ ನ್ಯಾಯಾಡಳಿತ ಕಾಯಿದೆ ತೆಗೆದುಹಾಕಿತು. ಆಗ ಲ್ಯಾಕ್ಸ್‌ಟನ್ನಿನ ಸಭೆಗೆ ತನ್ನ ಹೊಲಗಳನ್ನು ನಿರ್ವಹಿಸುವ ಕೆಲಸ ಮುಂದುವರಿಸಲು ವಿನಾಯಿತಿ ದೊರೆಯಿತು. ಅದಿಲ್ಲದಿದ್ದರೆ ಪಂಚರು ಇಂದು ಪ್ರವಾಸಿಗರಿಗಾಗಿ ವೇಷ ಹಾಕುವ ನಟರಾಗಿಬಿಡುತ್ತಿದ್ದರು. ದಂಡದ ಮೊತ್ತ ಕೆಲವೇ ಪೌಂಡುಗಳಿರಬಹುದು. ಅದು ದಂಡವೇ ಹೊರತು ದೇಣಿಗೆಯಲ್ಲ. ಪಟ್ಟಿಗಳನ್ನು ಹಾಗೇ ಉಳಿಸಿ ಪಂಚರನ್ನು ಕಿತ್ತುಹಾಕಿದ್ದರೆ ಉಳಿಯುತ್ತಿದ್ದುದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗಿನ ಹೊಲ. ಅರಣ್ಯ ಸಮಿತಿಗಳನ್ನು ರಚಿಸಿ, ಅಧಿಕಾರವನ್ನು ಮಾತ್ರ ಕಚೇರಿಯಲ್ಲೇ ಇಟ್ಟುಕೊಳ್ಳುವ ಯೋಜನೆಗಳನ್ನು ಕಂಡವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಊರಿನ ಮುಂದಿರುವ ಇನ್ನೊಂದು ಆತಂಕ ಜನರದ್ದು. ಗೇಣಿದಾರ ಕುಟುಂಬಗಳು ಕಡಿಮೆಯಾಗುತ್ತ ಬಂದಿವೆ. ಹರಡಿದ ಪಟ್ಟಿಗಳಲ್ಲಿ ಯಂತ್ರ ತಿರುಗಿಸುವುದಕ್ಕೆ ಹೆಚ್ಚು ಸಮಯ, ಹೆಚ್ಚು ಇಂಧನ ಬೇಕು. ಗೋಧಿಯ ಬೆಲೆ ಅದನ್ನು ಲೆಕ್ಕಿಸುವುದಿಲ್ಲ. ಬೇಲಿ ಬಿದ್ದ ಊರುಗಳಲ್ಲಿ ರೈತಮನೆಗಳು ತಮ್ಮ ತಮ್ಮ ಜಮೀನಿನ ನಡುವೆ ಒಂಟಿಯಾಗಿ ನಿಂತಿವೆ. ಲ್ಯಾಕ್ಸ್‌ಟನ್ನಿನಲ್ಲಿ ಯಾರ ಜಮೀನೂ ಒಂದೆಡೆ ಇಲ್ಲದ್ದರಿಂದ ಮನೆಗಳೆಲ್ಲ ಬೀದಿಯ ಮೇಲೆಯೇ, ಒಂದರ ಪಕ್ಕ ಒಂದು ಉಳಿದಿವೆ. ಆ ಮನೆಗಳಿಂದ ಟ್ರ್ಯಾಕ್ಟರು ಹೊರಡುವುದು ನಿಂತು ನಗರಕ್ಕೆ ಕೆಲಸಕ್ಕೆ ಹೋಗುವ ಕಾರು ಮಾತ್ರ ಹೊರಡುವಂತಾದರೆ ಹನ್ನೆರಡು ಪಂಚರನ್ನು ಎಲ್ಲಿಂದ ತರುವುದು? ಪದ್ಧತಿಯನ್ನು ಉಳಿಸಬೇಕೆನ್ನುವ ಸರ್ಕಾರ ಅದನ್ನು ನಡೆಸುವ ರೈತನ ಹೆಚ್ಚುವರಿ ಖರ್ಚನ್ನು ಭರಿಸಬೇಕು. ನಗರದವರು ವಾರಾಂತ್ಯದಲ್ಲಿ ಬಂದು ನೋಡಿ ಸಂತೋಷಪಡುವ ಭೂದೃಶ್ಯದ ವೆಚ್ಚ ಆ ಹನ್ನೆರಡು ಮನೆಗಳ ಮೇಲೆಯೇ ಏಕೆ ಬೀಳಬೇಕು?

ಹೊಲ ನೋಡಿಬಂದ ಪಂಚರು ಡವ್‌ಕೋಟ್ ಇನ್ನಿನಲ್ಲಿ ಒಟ್ಟಿಗೆ ಊಟ ಮಾಡುತ್ತಾರೆ. ಸುಮಾರು ಒಂದು ವಾರದ ಬಳಿಕ ಅದೇ ಮನೆಯಲ್ಲಿ ಕೋರ್ಟ್ ಸೇರುತ್ತದೆ. ತಪ್ಪುಗಳ ಪಟ್ಟಿಯನ್ನು ಎಲ್ಲರೆದುರು ಓದಲಾಗುತ್ತದೆ. ಮೇರೆ ಮೀರಿದವನು ಎದ್ದು ತನ್ನ ಮಾತು ಹೇಳುತ್ತಾನೆ, ದಂಡ ತೆರುತ್ತಾನೆ. ಮುಂದಿನ ವರ್ಷದ ಪಂಚರನ್ನು ಅಲ್ಲಿಯೇ ನೇಮಿಸಿ ಪ್ರಮಾಣವಚನ ಕೊಡಿಸುತ್ತಾರೆ. ಅವರು ನೋಡಬೇಕಾದದ್ದು ಇನ್ನೊಂದು ಹೊಲವನ್ನು. ಗೋಧಿ ಆ ಹೊತ್ತಿಗೆ ಅಲ್ಲಿಗೆ ಹೋಗಿರುತ್ತದೆ.